ಸಹಿ ಹಾಕುವ ಮುಂಚೆ ನಾನು ಕೇಳದೇ ಹೋದ ಪ್ರಶ್ನೆಗಳು

ನನ್ನ ಡಿಗ್ರಿ ಸರ್ಟಿಫಿಕೇಟ್ ಐದು ತಿಂಗಳು ಬೇರೆಯವರ ಬೀರುವಿನಲ್ಲಿತ್ತು. ಬೀಗದ ಕೈಯೂ ಅವರ ಹತ್ತಿರವೇ ಇತ್ತು. ಅದನ್ನು ತೆಗೆದುಕೊಟ್ಟವನು ನಾನೇ. ವಿಯೆಟ್ನಾಮಿನ ಹೋ ಚಿ ಮಿನ್ ನಗರದ ಒಂದು ಇಂಗ್ಲಿಷ್ ಸೆಂಟರ್‌ನಲ್ಲಿ ಟೀಚರ್ ಆಗಿ ಸೇರಿದ ಎರಡನೇ ದಿನ ಅದು. "ವರ್ಕ್ ಪರ್ಮಿಟ್‌ಗೆ ಒರಿಜಿನಲ್ ಬೇಕು" ಅಂದರು. ಕೊಟ್ಟೆ. ಒಂದು ರಶೀದಿಯನ್ನೂ ಕೇಳಲಿಲ್ಲ.

ಅದು 2022ರ ಜೂನ್. ವಿಯೆಟ್ನಾಂ ಅದೇ ಮಾರ್ಚ್‌ನಲ್ಲಿ ಹೊರದೇಶದವರಿಗೆ ಗಡಿ ತೆರೆದಿತ್ತು. ಶಾಲೆಗಳಿಗೆ ಬೇಸಿಗೆ ರಜೆ. ಮಕ್ಕಳೆಲ್ಲ ಇಂಗ್ಲಿಷ್ ಸೆಂಟರ್‌ಗಳಿಗೆ ಬರುವ ಕಾಲ. ಎಲ್ಲ ಕಡೆ ಟೀಚರ್‌ಗಳು ಬೇಕಿತ್ತು. ನನ್ನ ಹತ್ತಿರ ಡಿಗ್ರಿ ಇತ್ತು, ಇಂಗ್ಲಿಷ್ ಕಲಿಸಲು ತರಬೇತಿ ಕೊಡುವ 120 ಗಂಟೆಯ ಟೆಫ್ಲ್ (TEFL) ಕೋರ್ಸ್ ಮುಗಿಸಿದ್ದೆ, ಮೂರು ವರ್ಷಕ್ಕಿಂತ ಜಾಸ್ತಿ ಪಾಠ ಮಾಡಿದ ಅನುಭವವಿತ್ತು. ಹೊರದೇಶದಲ್ಲಿ ಕಲಿಸಬೇಕು ಎಂಬ ಆಸೆ ಮಾತ್ರ ಎಲ್ಲಕ್ಕಿಂತ ದೊಡ್ಡದಿತ್ತು.

ಇಂಟರ್‌ವ್ಯೂ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಡೆಮೊ ಕ್ಲಾಸ್ ಕೇಳಲಿಲ್ಲ. ನಾನು ಮೊದಲು ಕೆಲಸ ಮಾಡಿದ ಜಾಗಕ್ಕೆ ಫೋನ್ ಮಾಡಲಿಲ್ಲ. ಸಂಜೆಗೆ ಆಫರ್ ಬಂತು. 24 ಗಂಟೆಯೊಳಗೆ ಸಹಿ ಮಾಡಿ ಕಳಿಸಿ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಬರೆದಿದ್ದರು. ನನಗೆ ಆಗ ಅನ್ನಿಸಿದ್ದು ಹೆಮ್ಮೆ. ಇಷ್ಟು ಬೇಗ ಒಪ್ಪಿಕೊಂಡರಲ್ಲ ಅಂತ. ಈಗ ಅದೇ ವಿಷಯ ಬೇರೆ ರೀತಿ ಕಾಣುತ್ತದೆ. ನಾನು ಹೇಗೆ ಕಲಿಸುತ್ತೇನೆ ಎಂದು ಒಮ್ಮೆಯೂ ನೋಡದೆ ಮಕ್ಕಳ ಮುಂದೆ ನಿಲ್ಲಿಸಲು ತಯಾರಾದವರಿಗೆ ಬೇಕಾಗಿದ್ದು ಟೀಚರ್ ಅಲ್ಲ, ಟೈಮ್‌ಟೇಬಲ್‌ನ ಖಾಲಿ ಮನೆ ತುಂಬುವ ಒಬ್ಬ ಮನುಷ್ಯ.

ವೀಸಾ ಬಗ್ಗೆ ಕೇಳಿದ್ದೆ. "ಇ-ವೀಸಾದಲ್ಲಿ ಬನ್ನಿ, ಇಲ್ಲೇ ಬದಲಾಯಿಸೋಣ, ಎಲ್ಲರೂ ಹಾಗೇ ಬರುತ್ತಾರೆ" ಅಂದರು. ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ನಂಬಿಬಿಟ್ಟೆ. ವರ್ಕ್ ಪರ್ಮಿಟ್ ಕೈಗೆ ಬಂದಮೇಲೆ ದೇಶದೊಳಗೇ ವೀಸಾ ಬದಲಾಯಿಸಲು ಅಲ್ಲಿನ ಕಾನೂನಿನಲ್ಲಿ ದಾರಿ ಇದೆ. ಆದರೆ ಆ ಪರ್ಮಿಟ್ ಬರಬೇಕಲ್ಲ. ಅದಕ್ಕೆ ಅರ್ಜಿ ಹಾಕುವುದು ಕೆಲಸ ಕೊಡುವವರು, ನಾವಲ್ಲ. ಆಗಿದ್ದ ನಿಯಮದಂತೆ, ಹೊರದೇಶದವರನ್ನು ಕೆಲಸಕ್ಕೆ ಸೇರಿಸುವ 30 ದಿನ ಮುಂಚೆಯೇ "ನಮಗೆ ಇಂಥ ಹುದ್ದೆಗೆ ಹೊರದೇಶದವರು ಬೇಕು" ಎಂದು ಅವರು ಸರ್ಕಾರಕ್ಕೆ ತಿಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಅದಾದ ಮೇಲೆ ಪರ್ಮಿಟ್ ಅರ್ಜಿ. ಅದಕ್ಕೆ ನನ್ನ ಕಡೆಯಿಂದ ಡಿಗ್ರಿ, ಪೊಲೀಸ್ ಸರ್ಟಿಫಿಕೇಟ್, ಆರೋಗ್ಯ ತಪಾಸಣೆ. ಡಿಗ್ರಿಯನ್ನು ಮೊದಲು ನಮ್ಮ ದೇಶದ ವಿದೇಶಾಂಗ ಇಲಾಖೆ ದೃಢೀಕರಿಸಬೇಕಿತ್ತು, ಆಮೇಲೆ ವಿಯೆಟ್ನಾಂ ರಾಯಭಾರ ಕಚೇರಿ ಮುದ್ರೆ ಹಾಕಬೇಕಿತ್ತು. ಆ ಮುದ್ರೆ ಇಲ್ಲದ ಡಿಗ್ರಿ ಪರ್ಮಿಟ್ ಅರ್ಜಿಗೆ ನಡೆಯುತ್ತಿರಲಿಲ್ಲ.

ನನ್ನ ಡಿಗ್ರಿಗೆ ಯಾವ ಮುದ್ರೆಯೂ ಇರಲಿಲ್ಲ. ಬರುವ ಮುಂಚೆ ಹಾಕಿಸಿಕೊಂಡು ಬನ್ನಿ ಎಂದು ಅವರು ಹೇಳಲೇ ಇಲ್ಲ. ಅಂದರೆ ಬೀರುವಿನಲ್ಲಿದ್ದ ಆ ಕಾಗದದಿಂದ ಅರ್ಜಿ ಹಾಕಲು ಸಾಧ್ಯವೇ ಇರಲಿಲ್ಲ. ಇದು ನನಗೆ ಗೊತ್ತಾಗುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು.

ಆಗ ಇ-ವೀಸಾ 30 ದಿನಕ್ಕೆ ಮಾತ್ರ. 90 ದಿನಕ್ಕೆ ಏರಿದ್ದು 2023ರ ಆಗಸ್ಟ್‌ನಲ್ಲಿ. ಹಾಗಾಗಿ ಪ್ರತಿ ತಿಂಗಳು ಬಸ್ ಹತ್ತಿ ಮೊಕ್ ಬಾಯ್ ಗಡಿಗೆ ಹೋಗಿ, ಕಾಂಬೋಡಿಯಾದ ಬಾವೆಟ್‌ಗೆ ದಾಟಿ, ಹೊಸ ವೀಸಾ ಪ್ರಿಂಟ್ ಹಿಡಿದು ವಾಪಸ್ ಬರುತ್ತಿದ್ದೆ. ವೀಸಾ ರನ್ ಅನ್ನುತ್ತಾರೆ ಇದಕ್ಕೆ. ಖರ್ಚು ನನ್ನದೇ. ಪ್ರತಿ ಸಲ ಇಮಿಗ್ರೇಷನ್ ಅಧಿಕಾರಿ ಪಾಸ್‌ಪೋರ್ಟ್‌ನ ಹಾಳೆ ತಿರುವುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಪ್ರವಾಸಕ್ಕೆ ಬಂದೆ ಎಂದು ಹೇಳಬೇಕಿತ್ತು. ಮರುದಿನ ಬೆಳಗ್ಗೆ ಮಕ್ಕಳಿಗೆ ನಿಜ ಹೇಳುವುದು ಯಾಕೆ ಮುಖ್ಯ ಎಂಬ ಪಾಠವನ್ನೂ ಮಾಡಿದ್ದೇನೆ. ಆ ದಿನ ನೆನೆದರೆ ಈಗಲೂ ಸಂಕಟವಾಗುತ್ತದೆ.

ಸುಳ್ಳು ಇನ್ನೊಂದಿತ್ತು. ಮಕ್ಕಳ ತಂದೆತಾಯಿ ಕೇಳಿದರೆ ಲಂಡನ್‌ನವನು ಎಂದು ಹೇಳಿ ಎಂದು ಮ್ಯಾನೇಜರ್ ಮೊದಲ ವಾರವೇ ಹೇಳಿದ್ದರು. ಇಂಗ್ಲಿಷ್ ಮಾತೃಭಾಷೆಯ ದೇಶದವರೇ ಬೇಕು ಎನ್ನುವ ತಂದೆತಾಯಿಗಳು ಬಹಳ. ಅದು ನಮ್ಮಂಥ ಟೀಚರ್‌ಗಳಿಗೆ ಎಲ್ಲ ದೇಶದಲ್ಲೂ ಎದುರಾಗುವ ಮಾತು. ನಾನು ಹೇಳಲಿಲ್ಲ, ಸುಮ್ನೆ ನಕ್ಕು ಜಾರಿಕೊಂಡೆ. ಆದರೆ ಅವತ್ತೇ ಅರ್ಥವಾಗಬೇಕಿತ್ತು. ದುಡ್ಡು ಕೊಡುವ ತಂದೆತಾಯಿಗೇ ಸುಳ್ಳು ಹೇಳುವವರು ದುಡ್ಡು ತೆಗೆದುಕೊಳ್ಳುವ ನನಗೆ ಯಾಕೆ ನಿಜ ಹೇಳುತ್ತಾರೆ?

ಕಾಂಟ್ರಾಕ್ಟ್‌ನಲ್ಲಿ "ವಾರಕ್ಕೆ 20 ಗಂಟೆವರೆಗೆ" ಪಾಠ ಎಂದಿತ್ತು. 20 ನೋಡಿದ್ದೆ, "ವರೆಗೆ" ನೋಡಿರಲಿಲ್ಲ. ಸಂಬಳ ಗಂಟೆ ಲೆಕ್ಕ. ಜೂನ್, ಜುಲೈನಲ್ಲಿ 24 ಗಂಟೆ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದ ತಕ್ಷಣ 11ಕ್ಕೆ ಇಳಿಯಿತು. ಬೆಳಗ್ಗೆ ಎಂಟಕ್ಕೆ ಒಂದು ಕ್ಲಾಸ್, ಸಂಜೆ ಆರಕ್ಕೆ ಒಂದು. ನಡುವೆ ಸೆಂಟರ್‌ನಲ್ಲೇ ಕೂತು ಪಾಠ ತಯಾರಿ, ಪೋಸ್ಟರ್, ಪರೀಕ್ಷೆ ಪೇಪರ್ ತಿದ್ದುವುದು. ಅದಕ್ಕೆ ಕಾಸಿಲ್ಲ. ಸಂಬಳ ಮೊದಲ ತಿಂಗಳು ಸರಿಯಾಗಿ ಬಂತು. ಎರಡನೇ ತಿಂಗಳು ಹನ್ನೆರಡು ದಿನ ತಡ. ಮೂರನೇದು ಅರ್ಧ. ಉಳಿದದ್ದು ಮುಂದಿನ ತಿಂಗಳು ಅಂದರು. ಅಷ್ಟರಲ್ಲಿ ಮುಂದಿನ ತಿಂಗಳೂ ಬಂದಿತ್ತು.

ಕಣ್ಣು ತೆರೆಸಿದ್ದು ನನ್ನ ಕ್ಲಾಸಿನ ಸಹಾಯಕ ಟೀಚರ್. ಇಪ್ಪತ್ತೆರಡು ವರ್ಷದ ಹುಡುಗಿ, ಅಲ್ಲಿಯವಳೇ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನನ್ನ ಕಾಂಟ್ರಾಕ್ಟ್ ತೋರಿಸಿದೆ. ಅದು ಎರಡು ಭಾಷೆಯಲ್ಲಿತ್ತು. ವ್ಯತ್ಯಾಸ ಬಂದರೆ ವಿಯೆಟ್ನಾಮೀಸ್ ಭಾಗವೇ ನಡೆಯುತ್ತದೆ ಎಂದು ಕೊನೆಯಲ್ಲಿ ಸಣ್ಣದಾಗಿ ಬರೆದಿತ್ತು. ಅವಳು ಮೊದಲ ಸಾಲನ್ನೇ ಎರಡು ಸಲ ಓದಿದಳು. ಇಂಗ್ಲಿಷ್‌ನಲ್ಲಿ ಕೆಲಸದ ಒಪ್ಪಂದ ಎಂದಿದ್ದದ್ದು ಅವಳ ಭಾಷೆಯಲ್ಲಿ 'ಹೊಪ್ ಡೋಂಗ್ ಜಿಕ್ ವು' ಆಗಿತ್ತು. ಅಂದರೆ ಸೇವೆಯ ಒಪ್ಪಂದ. ನಾನು ನೌಕರನಲ್ಲ, ಹೊರಗಿನಿಂದ ಸೇವೆ ಕೊಡುವವನು ಎಂಬ ಲೆಕ್ಕ. ನೌಕರಿಯ ಒಪ್ಪಂದಕ್ಕೆ 'ಹೊಪ್ ಡೋಂಗ್ ಲಾವ್ ಡೋಂಗ್' ಎನ್ನುತ್ತಾರೆ, ನಿಮ್ಮದರಲ್ಲಿ ಅದು ಇಲ್ಲ ಎಂದಳು. ಇದನ್ನು ನಾನು ಹೇಳಿದೆ ಎಂದು ಯಾರಿಗೂ ಹೇಳಬೇಡಿ ಎಂದೂ ಕೇಳಿಕೊಂಡಳು. ಅವಳ ಕೆಲಸಕ್ಕೂ ಕುತ್ತು ಬರಬಹುದಿತ್ತು. ಆ ಧೈರ್ಯಕ್ಕೆ ನಾನು ಯಾವತ್ತೂ ಋಣಿ.

ಆ ರಾತ್ರಿ ಕೂತು ಅಲ್ಲಿನ ಕಾರ್ಮಿಕ ಕಾನೂನು ಓದಿದೆ. ಇಂಗ್ಲಿಷ್ ಅನುವಾದ ಸಿಗುತ್ತದೆ. 2019ರಲ್ಲಿ ಪಾಸಾಗಿ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಬರುವ ಮುಂಚೆ ಊಟದ ಜಾಗ, ಮನೆ ಬಾಡಿಗೆ ಎಲ್ಲ ಹುಡುಕಿ ಓದಿದ್ದ ನಾನು ಇದನ್ನು ಓದಿರಲಿಲ್ಲ. 13ನೇ ಕಲಂ ಹೇಳುವುದು ಇದು: ಕಾಗದಕ್ಕೆ ಏನೇ ಹೆಸರಿಟ್ಟರೂ, ಅದರಲ್ಲಿ ಸಂಬಳ ಕೊಟ್ಟು ಮಾಡಿಸುವ ಕೆಲಸ ಇದ್ದು, ಒಬ್ಬರ ಮೇಲ್ವಿಚಾರಣೆಯೂ ಇದ್ದರೆ ಅದು ನೌಕರಿಯ ಒಪ್ಪಂದವೇ. 17ನೇ ಕಲಂ ಪ್ರಕಾರ ನೌಕರರ ಗುರುತಿನ ಚೀಟಿ, ಡಿಗ್ರಿ, ಸರ್ಟಿಫಿಕೇಟುಗಳ ಒರಿಜಿನಲ್ ಇಟ್ಟುಕೊಳ್ಳುವಂತಿಲ್ಲ. ಡಿಪಾಸಿಟ್ ಕೇಳುವಂತಿಲ್ಲ. ಸಂಬಳ ಸಮಯಕ್ಕೆ ಪೂರ್ತಿ ಕೊಡದಿದ್ದರೆ ನೋಟಿಸ್ ಇಲ್ಲದೆ ಬಿಡಬಹುದು ಎಂದು 35ನೇ ಕಲಂನಲ್ಲಿದೆ. ಬಿಟ್ಟಮೇಲೆ ಬಾಕಿಯನ್ನು 14 ಕೆಲಸದ ದಿನದೊಳಗೆ ತೀರಿಸಬೇಕು ಎಂದು 48ರಲ್ಲಿದೆ. ಒಂದೊಂದು ಕಲಂ ಓದಿದಾಗಲೂ ನನ್ನದೇ ಕಥೆ ಓದಿದಂತಾಗುತ್ತಿತ್ತು.

ಹಾಗಾದರೆ ಕಾರ್ಮಿಕ ಇಲಾಖೆಗೆ ಹೋಗಬಹುದಿತ್ತಲ್ಲ? ಅಲ್ಲೇ ನಾನು ಸಿಕ್ಕಿಹಾಕಿಕೊಂಡಿದ್ದೆ. ಪರ್ಮಿಟ್ ಇಲ್ಲದೆ ಕೆಲಸ ಮಾಡಿದ ಹೊರದೇಶದವನಿಗೆ 15ರಿಂದ 25 ಮಿಲಿಯನ್ ಡಾಂಗ್ (ಅಲ್ಲಿನ ಕರೆನ್ಸಿ) ದಂಡ, ಜೊತೆಗೆ ಗಡೀಪಾರು. ಮಾಲೀಕರಿಗೂ ದಂಡ ಇದೆ, ನಿಜ. ಆದರೆ ಅವರು ಊರಲ್ಲೇ ಇರುತ್ತಾರೆ, ಪೆಟ್ಟಿಗೆ ಕಟ್ಟಬೇಕಾದವನು ನಾನು. ಪರ್ಮಿಟ್ ಮಾಡಿಸದೆ ಅವರು ಉಳಿಸಿದ್ದು ಬರೀ ಖರ್ಚಲ್ಲ. ನನ್ನ ಬಾಯಿ ಮುಚ್ಚಿಸುವ ದಾರಿಯೂ ಅದೇ ಆಗಿತ್ತು. ಇದನ್ನು ಓದುತ್ತಿರುವ ಯಾರಿಗಾದರೂ ಈ ಒಂದು ವಿಷಯ ಮನಸ್ಸಿಗೆ ಹೋದರೆ ಸಾಕು. ಕೆಟ್ಟ ಮಾಲೀಕರು ಎಲ್ಲ ಕಡೆ ಇರುತ್ತಾರೆ. ಆದರೆ ನಿಮ್ಮ ಕಾಗದ ಸರಿ ಇದ್ದರೆ ಅವರ ಜೊತೆ ಜಗಳವಾಡಬಹುದು. ಸರಿ ಇಲ್ಲದಿದ್ದರೆ ಜಗಳಕ್ಕೂ ನಿಮಗೆ ಹಕ್ಕಿರುವುದಿಲ್ಲ.

ನವೆಂಬರ್‌ನಲ್ಲಿ ಬಿಟ್ಟೆ. ಕೂಗಾಡಲಿಲ್ಲ. ಒಬ್ಬ ಅನುವಾದಕರಿಗೆ ದುಡ್ಡು ಕೊಟ್ಟು ಎರಡೂ ಭಾಷೆಯಲ್ಲಿ ಒಂದು ಇಮೇಲ್ ಬರೆಸಿದೆ. 17ನೇ ಕಲಂ, ಡಿಗ್ರಿ ಕೊಟ್ಟ ತಾರೀಕು, ಮೂರು ದಿನದೊಳಗೆ ವಾಪಸ್ ಬೇಕು, ಇಷ್ಟೇ. ಬೆದರಿಕೆ ಇಲ್ಲ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದನ್ನು ಕಳಿಸಿದ ಮರುದಿನ ರಿಸೆಪ್ಷನ್‌ನಲ್ಲಿ ಒಂದು ಕಂದು ಲಕೋಟೆ ಇತ್ತು. ಅಲ್ಲೇ ನಿಂತು ತೆರೆದು ನೋಡಿದೆ. ಒಂದು ಮೂಲೆ ಮಡಚಿತ್ತು, ಅಷ್ಟೇ. ಒಂದೂವರೆ ತಿಂಗಳ ಸಂಬಳ ಮಾತ್ರ ಇವತ್ತಿನವರೆಗೂ ಬಂದಿಲ್ಲ.

ವಾಪಸ್ ಊರಿಗೆ ಬಂದೆ. ಎರಡು ತಿಂಗಳು ಯಾರ ಹತ್ತಿರವೂ ಈ ವಿಷಯ ಮಾತಾಡಲು ಆಗಲಿಲ್ಲ. ಮೋಸ ಹೋದೆ ಅನ್ನುವುದಕ್ಕಿಂತ, ಕೇಳಿದ್ದರೆ ತಪ್ಪುತ್ತಿತ್ತಲ್ಲ ಎಂಬ ನೋವು ಜಾಸ್ತಿ ಇತ್ತು. ಆದರೆ ಆ ಮಕ್ಕಳ ಜೊತೆಗಿನ ಕ್ಲಾಸ್‌ಗಳು ನಿಜಕ್ಕೂ ಚೆನ್ನಾಗಿದ್ದವು. ಅದನ್ನು ಬಿಡಲು ಮನಸ್ಸಿರಲಿಲ್ಲ.

ಎರಡನೇ ಸಲ ಹುಡುಕುವಾಗ ಮೊದಲು ದೇಶ ನೋಡಿದೆ, ಆಮೇಲೆ ಸೆಂಟರ್. ಒಬ್ಬ ಏಜೆಂಟ್ ದಕ್ಷಿಣ ಕೊರಿಯಾದ ಹಗ್ವಾನ್‌ನಲ್ಲಿ, ಅಂದರೆ ಖಾಸಗಿ ಟ್ಯೂಷನ್ ಸಂಸ್ಥೆಯಲ್ಲಿ ಕೆಲಸ ಕೊಡಿಸುತ್ತೇನೆ ಎಂದಿದ್ದರು. ಅಲ್ಲಿ ಇಂಗ್ಲಿಷ್ ಕಲಿಸುವ ಇ-2 ವೀಸಾ ಸಿಗುವುದು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶದ ಪಾಸ್‌ಪೋರ್ಟ್ ಇರುವವರಿಗೆ. ನನ್ನ ಪಾಸ್‌ಪೋರ್ಟ್‌ಗೆ ಅದು ಆಗುವ ಮಾತಲ್ಲ. ಹತ್ತು ನಿಮಿಷ ಓದಿದ್ದಕ್ಕೆ ಒಂದು ಮೋಸ ತಪ್ಪಿತು. ಚೀನಾದಲ್ಲಿ ಕೆಲಸಕ್ಕೆ ಜೆಡ್ ವೀಸಾ ಬೇಕು. ಥಾಯ್ಲೆಂಡ್‌ಗೆ ನಾನ್-ಬಿ ವೀಸಾ, ಮೇಲೆ ವರ್ಕ್ ಪರ್ಮಿಟ್. ಹೆಸರು ಬೇರೆ ಬೇರೆ. ಆದರೆ ಟೂರಿಸ್ಟ್ ಆಗಿ ಬಂದು ಕ್ಲಾಸ್ ಶುರು ಮಾಡಿ ಎಂದು ಯಾರು ಹೇಳಿದರೂ ನಾನು ಅಲ್ಲಿಗೇ ಮಾತು ನಿಲ್ಲಿಸುತ್ತಿದ್ದೆ.

ದೊಡ್ಡ ಹೆಸರಿನ ಕಂಪನಿಗೇ ಸೇರು, ಚಿಂತೆ ಇರಲ್ಲ ಎಂದು ಗೆಳೆಯರು ಹೇಳಿದರು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಜಪಾನಿನ ನೋವಾ ಆ ದೇಶದ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣೆ ಶಾಲೆಗಳ ಸರಣಿಯಾಗಿತ್ತು. 2007ರ ಅಕ್ಟೋಬರ್‌ನಲ್ಲಿ ಅದು ಕುಸಿದಾಗ ಸುಮಾರು 4,000 ಹೊರದೇಶದ ಟೀಚರ್‌ಗಳು ಸಂಬಳವಿಲ್ಲದೆ ನಿಂತರು. ಎಷ್ಟೋ ಜನ ಕಂಪನಿಯೇ ಕೊಡಿಸಿದ ಮನೆಯಲ್ಲಿದ್ದರು. ಸಂಬಳದಿಂದ ಬಾಡಿಗೆ ಹಿಡಿದುಕೊಂಡಿದ್ದ ಕಂಪನಿ ಅದನ್ನು ಮನೆ ಮಾಲೀಕರಿಗೆ ಕಟ್ಟಿರಲಿಲ್ಲ. ಕೆಲಸದ ಜೊತೆ ಮನೆಯೂ ಹೋಯಿತು. ಚೀನಾದಲ್ಲಿ 2021ರ ಜುಲೈನಲ್ಲಿ ಸರ್ಕಾರ ಶಾಲಾ ವಿಷಯಗಳ ಲಾಭದ ಟ್ಯೂಷನ್‌ಗೆ ತಡೆ ಹಾಕಿದಾಗಲೂ ದೊಡ್ಡ ದೊಡ್ಡ ಕಂಪನಿಗಳೇ ಬಿದ್ದವು. ಇದಾದ ಮೇಲೆ ನಾನು ಒಂದು ತೀರ್ಮಾನ ಮಾಡಿದೆ. ಕೆಲಸ ಕೊಡುವವರ ಕೈಯಿಂದಲೇ ಮನೆ ತೆಗೆದುಕೊಳ್ಳುವುದಿಲ್ಲ. ಮೂರು ತಿಂಗಳ ಖರ್ಚು ಮತ್ತು ವಾಪಸ್ ಟಿಕೆಟ್‌ನ ದುಡ್ಡು ಇಲ್ಲದೆ ಹೊರಡುವುದೂ ಇಲ್ಲ.

ಕೊನೆಗೆ ಮತ್ತೆ ವಿಯೆಟ್ನಾಮಿನಲ್ಲೇ ಏಳು ಸೆಂಟರ್‌ಗಳಿಗೆ ಒಂದೇ ಇಮೇಲ್ ಕಳಿಸಿದೆ. ಹೊರದೇಶದ ಟೀಚರ್ ತೆಗೆದುಕೊಳ್ಳಲು ಸರ್ಕಾರದ ಒಪ್ಪಿಗೆ ಈಗಾಗಲೇ ಪಡೆದಿದ್ದೀರಾ, ನಾನು ಯಾವ ವೀಸಾದಲ್ಲಿ ಬರಬೇಕು, ಕಾಂಟ್ರಾಕ್ಟ್ ಎರಡೂ ಭಾಷೆಯಲ್ಲಿ ಮೊದಲೇ ಕಳಿಸುತ್ತೀರಾ, ಕಡಿಮೆ ಎಂದರೆ ವಾರಕ್ಕೆ ಎಷ್ಟು ಗಂಟೆ ಗ್ಯಾರಂಟಿ ಎಂದು ಕೇಳಿದ್ದೆ. ಹೊಸ ವರ್ಷದ ಟೆಟ್ ರಜೆಯಲ್ಲಿ ಸಂಬಳದ ಕಥೆ ಏನು ಎಂದೂ ಕೇಳಿದ್ದೆ. ಗಂಟೆ ಲೆಕ್ಕದವರಿಗೆ ಆ ವಾರಗಳು ಖಾಲಿ ಹೋಗುತ್ತವೆ. ಕೊನೆಗೆ, ಕಳೆದ ಒಂದು ವರ್ಷದಲ್ಲಿ ನಿಮ್ಮಲ್ಲಿ ಕೆಲಸ ಬಿಟ್ಟುಹೋದ ಒಬ್ಬ ಟೀಚರ್ ಜೊತೆ ಮಾತಾಡಿಸಿ ಎಂದು ಬರೆದಿದ್ದೆ.

ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು "ನಂಬಿಕೆ ಇಲ್ಲದಿದ್ದರೆ ಬರಬೇಡಿ" ಎಂದು ಒಂದೇ ಸಾಲು ಬರೆದರು. ಒಬ್ಬರು ಪ್ರೊಸೆಸಿಂಗ್ ಫೀ ಕೇಳಿದರು. ಒಬ್ಬರು ಎಲ್ಲವೂ ಫೋನ್‌ನಲ್ಲಿ ಮಾತಾಡೋಣ ಅಂದರು, ಬರವಣಿಗೆಯಲ್ಲಿ ಏನೂ ಇಲ್ಲ. ಆರನೆಯವರು ಈಗಿರುವ ಟೀಚರ್ ಜೊತೆ ಮಾತಾಡಿಸುತ್ತೇವೆ, ಬಿಟ್ಟವರ ನಂಬರ್ ಇಲ್ಲ ಎಂದರು. ಮ್ಯಾನೇಜರ್ ಪಕ್ಕದಲ್ಲೇ ಕೂತು ಕೇಳುತ್ತಿರುವಾಗ ಈಗಿರುವವರು ಏನು ತಾನೇ ಹೇಳಿಯಾರು?

ಏಳನೆಯವರ ಉತ್ತರ ಬರಲು ನಾಲ್ಕು ದಿನ ಹಿಡಿಯಿತು. ಒಂದೊಂದು ಪ್ರಶ್ನೆಗೂ ಬೇರೆ ಬೇರೆ ಉತ್ತರ. ಒಂದು ಕಡೆ ನನ್ನನ್ನೇ ತಿದ್ದಿದ್ದರು. "ಪೊಲೀಸ್ ಸರ್ಟಿಫಿಕೇಟ್ ಈಗಲೇ ಮಾಡಿಸಬೇಡಿ, ಆರು ತಿಂಗಳಿಗಿಂತ ಹಳೆಯದಾದರೆ ನಡೆಯುವುದಿಲ್ಲ. ಮೊದಲು ಡಿಗ್ರಿಗೆ ಮುದ್ರೆ ಹಾಕಿಸಿ. ನಾವು ಹೇಳುವವರೆಗೆ ಟಿಕೆಟ್ ತೆಗೆಯಬೇಡಿ." ಬೇಗ ಬನ್ನಿ ಅನ್ನುವವರನ್ನೇ ಕೇಳಿದ್ದ ನನಗೆ, ಈಗಲೇ ಬರಬೇಡಿ ಅನ್ನುವವರು ಸಿಕ್ಕಾಗ ಮನಸ್ಸು ಹಗುರವಾಯಿತು. ಆಮೇಲೆ ಎರಡು ಡೆಮೊ ಕ್ಲಾಸ್ ತೆಗೆಸಿದರು. ನನ್ನ ಹಳೆಯ ಶಾಲೆಗೆ ಫೋನ್ ಮಾಡಿ ಅರ್ಧ ಗಂಟೆ ವಿಚಾರಿಸಿದರು. ನನ್ನನ್ನು ಇಷ್ಟು ಪರೀಕ್ಷೆ ಮಾಡಿದವರ ಮೇಲೆ ಗೌರವ ಬಂತು.

ಅಲ್ಲಿ ಕೆಲಸ ಬಿಟ್ಟ ಫಿಲಿಪ್ಪೀನ್ಸ್‌ನ ಒಬ್ಬ ಟೀಚರ್ ಜೊತೆ ಮಾತಾಡಿದೆ. ಸೆಂಟರ್ ಒಳ್ಳೇದಾ ಎಂದು ಕೇಳಲಿಲ್ಲ. ಕೊನೆಯ ಮೂರು ತಿಂಗಳ ಸಂಬಳ ಯಾವ ತಾರೀಕಿಗೆ ಬಂತು, ಬಿಡುತ್ತೇನೆ ಎಂದಾಗ ಏನು ಅಂದರು, ಕೊನೆಯ ಬಾಕಿ ಸಿಕ್ಕಿತಾ, ತೆರಿಗೆ ಹಿಡಿದದ್ದಕ್ಕೆ ಸರ್ಟಿಫಿಕೇಟ್ ಕೊಟ್ಟರಾ ಎಂದು ಕೇಳಿದೆ. ತೆರಿಗೆ ಹೆಸರಲ್ಲಿ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟದೇ ಇರುವವರೂ ಇದ್ದಾರೆ. ಆ ಟೀಚರ್ ಸಾಕಷ್ಟು ದೂರು ಹೇಳಿದರು. ಭಾನುವಾರ ಬೆಳಗ್ಗೆ ಏಳೂವರೆಗೆ ಕ್ಲಾಸ್ ಇರುತ್ತದೆ, ಮೇಲ್ವಿಚಾರಕರು ಬಿಗಿ, ಪುಸ್ತಕಗಳು ಹಳೆಯವು. ಆದರೆ ಸಂಬಳ ಪ್ರತಿ ತಿಂಗಳು ಐದಕ್ಕೇ ಬಂದಿತ್ತು, ಬಿಟ್ಟಮೇಲೆ ಎಂಟನೇ ದಿನ ಬಾಕಿಯೂ ಬಂದಿತ್ತು. ದೂರುಗಳ ಜೊತೆ ಬಂದದ್ದರಿಂದಲೇ ಆ ಮಾತನ್ನು ನಂಬಿದೆ.

ಕಾಂಟ್ರಾಕ್ಟ್‌ನ ವಿಯೆಟ್ನಾಮೀಸ್ ಭಾಗವನ್ನು ಅದೇ ಹಳೆಯ ಅನುವಾದಕರಿಗೆ ಕಳಿಸಿದೆ. ಮೊದಲ ಸಾಲಿನಲ್ಲಿ 'ಲಾವ್ ಡೋಂಗ್' ಇದೆ ಎಂದು ಅವರು ಬರೆದಾಗ ಮುಖದ ಮೇಲೆ ನಗು ಬಂತು. ಒಂದು ಕಲಂ ಬದಲಾಯಿಸಲು ಕೇಳಿದೆ. ಪಾಠವಲ್ಲದ ಆಫೀಸ್ ಗಂಟೆ ವಾರಕ್ಕೆ ಎಷ್ಟು ಎಂದು ಸ್ಪಷ್ಟವಾಗಿ ಬರೆಯಿರಿ ಎಂದು. ನಾಲ್ಕು ಗಂಟೆ ಎಂದು ಸೇರಿಸಿ ಕಳಿಸಿದರು. ಡಿಗ್ರಿಗೆ ಮುದ್ರೆ ಬಿದ್ದು, ಅರ್ಜಿ ಹೋಗಿ, ಎಲ್ಲ ಮುಗಿಯಲು ಮೂರು ತಿಂಗಳ ಮೇಲಾಯಿತು. ಈ ಸಲ ಕೆಲಸದ ವೀಸಾದಲ್ಲೇ ಇಳಿದೆ. ಡಿಗ್ರಿಯ ನೋಟರಿ ಪ್ರತಿ ಅವರ ಹತ್ತಿರ, ಒರಿಜಿನಲ್ ನನ್ನ ಪೆಟ್ಟಿಗೆಯಲ್ಲಿ.

ಹೋದ ತಿಂಗಳು ಗುರುತಿಲ್ಲದ ಒಬ್ಬ ಹುಡುಗಿಯಿಂದ ಮೆಸೇಜ್ ಬಂತು. ನನ್ನ ಹಳೆಯ ಸೆಂಟರ್‌ನಿಂದ ಅವಳಿಗೆ ಆಫರ್ ಬಂದಿತ್ತು. ಅಲ್ಲಿ ಕೆಲಸ ಮಾಡಿ ಬಿಟ್ಟವರನ್ನು ಹುಡುಕಿ ಹುಡುಕಿ ನನ್ನ ಹೆಸರು ತಲುಪಿದ್ದಳು. "ಸರ್, ತೊಂದರೆ ಕೊಡುತ್ತಿದ್ದರೆ ಕ್ಷಮಿಸಿ. ನಿಮಗೆ ಸಂಬಳ ಯಾವ ತಾರೀಕಿಗೆ ಬರುತ್ತಿತ್ತು?" ಎಂದು ಕೇಳಿದ್ದಳು. ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದು ಒಂದೊಂದೇ ತಾರೀಕು ಬರೆದು ಕಳಿಸಿದೆ.